ಏಳು ಸೆಂಟಿಮೀಟರ್ ಕುಸಿತ

ಲಾಯ್ಡ್ ಟನ್‌ಸ್ಟಲ್‌ನ ಗಾಡಿ ಆವತ್ತು ಬೆಳಿಗ್ಗೆ ನಾಯಿ ಕೂತ ಹಾಗೆ ಕೂತಿತ್ತು. ಮೂತಿ ಆಕಾಶಕ್ಕೆ, ಕುಂಡೆ ನೆಲಕ್ಕೆ. ಹೆಡ್‌ಲೈಟ್ ಹಾಕಿದರೆ ಬೆಳಕು ರಸ್ತೆಗೆ ಬೀಳುವ ಬದಲು ಎದುರುಮನೆಯ ತಗಡಿನ ಮೇಲೆ ಕೂತಿದ್ದ ಗಿಳಿಗಳ ಕಣ್ಣಿಗೆ ಬಿತ್ತು. ಅವು ಬೈದುಕೊಂಡು ಹಾರಿಹೋದವು.

ಕಾರಣ, ಹಿಂದೆ ಸಿಕ್ಕಿಸಿದ್ದ ಕ್ಯಾರವಾನ್. ಎರಡು ಹಾಸಿಗೆ, ಒಂದು ಒಲೆ, ಒಂದು ಫ್ರಿಜ್ಜು ತುಂಬಿಕೊಂಡ ಗಾಲಿಯ ಮೇಲಿನ ಮನೆ. ಇಪ್ಪತ್ತೆರಡು ವರ್ಷದಿಂದ ಲಾಯ್ಡ್ ಮತ್ತು ಅವನ ಹೆಂಡತಿ ನೊಲೀನ್ ಪ್ರತಿ ಕ್ರಿಸ್‌ಮಸ್ಸಿಗೂ ಅದನ್ನು ಎಳೆದುಕೊಂಡು ಕಿಂಗರಾಯ್‌ನಿಂದ ವಾಂಗೂರ ಬೀಚಿಗೆ ಹೋಗುತ್ತಾರೆ. ಅಲ್ಲಿನ ಕ್ಯಾರವಾನ್ ಪಾರ್ಕಿನಲ್ಲಿ ಹದಿನಾಲ್ಕನೇ ನಂಬರಿನ ಜಾಗ ಇವರದ್ದು. ಬಾಗಿಲು ತೆಗೆದರೆ ಸಮುದ್ರ, ಬೆನ್ನಿಗೆ ಪೈನ್ ಮರದ ನೆರಳು. ರಾಜರಿಗೂ ಸಿಗದ ಜಾಗ.

ಆದರೆ ಪಾರ್ಕಿಗೊಂದು ನಿಯಮವಿದೆ. ಡಿಸೆಂಬರ್ ಇಪ್ಪತ್ತರ ಸಂಜೆ ಆರು ಗಂಟೆಯೊಳಗೆ ಕ್ಯಾರವಾನಿನ ಗಾಲಿ ಆ ಹುಲ್ಲಿನ ಮೇಲಿರಬೇಕು. ಇಲ್ಲದಿದ್ದರೆ ಜಾಗ ಕಾಯುವವರ ಪಟ್ಟಿಯ ಮೊದಲ ಹೆಸರಿಗೆ ಹೋಯಿತು, ಆಮೇಲೆ ಎಂದೆಂದಿಗೂ ವಾಪಸ್ಸಿಲ್ಲ. ಮೊದಲ ಹೆಸರು ಬ್ರಿಸ್ಬೇನಿನ ಹಲ್ಲಿನ ಡಾಕ್ಟರ್ ಫೆನ್ವಿಕ್‌ನದ್ದು. ಆರು ವರ್ಷದಿಂದ ಆತ ರಜೆಯ ಪ್ರತಿ ಸಂಜೆ ಹದಿನಾಲ್ಕರ ಸುತ್ತ, ಆಸ್ತಿಯಿರುವ ಮುದಿ ಚಿಕ್ಕಪ್ಪನ ಮಂಚದ ಸುತ್ತ ಸುಳಿಯುವ ಹಾಗೆ ಸುಳಿಯುತ್ತಿದ್ದ.

ಇವತ್ತು ಡಿಸೆಂಬರ್ ಇಪ್ಪತ್ತು. ನೊಲೀನ್ ನಸುಕಿನಲ್ಲೇ ತಂಗಿಯ ಕಾರಿನಲ್ಲಿ ಹೊರಟುಹೋಗಿದ್ದಳು. ಹದಿನಾಲ್ಕರ ನಟ್ಟನಡುವೆ ಮಡಿಚುವ ಕುರ್ಚಿ ಹಾಕಿ ಕೂರುವುದು ಅವಳ ಕೆಲಸ. ಕುರ್ಚಿ ಲೆಕ್ಕಕ್ಕಿಲ್ಲ, ಆದರೂ ಡಾಕ್ಟರನ ಕಣ್ಣಿಗೆ ಚುಚ್ಚಲಿ ಅಂತ. ಕ್ಯಾರವಾನ್ ತರುವುದು ಲಾಯ್ಡ್‌ನ ಕೆಲಸ. ಹೊರಡುವ ಮೊದಲು ಆಕೆ ಹೇಳಿದ್ದು ಒಂದೇ ಮಾತು: "ತಟ್ಟೋಕೆ ನಾನಿರಲ್ಲ. ಯಾರ ಕೈಲಾದ್ರೂ ತಟ್ಟಿಸ್ಕೊಂಡು ಹೊರಡು."

ತಟ್ಟುವುದು ಈ ದಂಪತಿಯ ಪದ್ಧತಿ. ಲಾಯ್ಡ್ ಸೀಟಿನಲ್ಲಿ ಕೂತಿರುತ್ತಾನೆ. ನೊಲೀನ್ ಹಿಂದೆ ನಿಂತು ಕೊಂಡಿ ಸಿಕ್ಕಿಸಿ, ಸರಪಳಿ ಬಿಗಿದು, ಗಾಡಿಯ ಹಿಂಬದಿಗೆ ಎರಡು ಸಲ ತಟ್ಟುತ್ತಾಳೆ. ತಪ್, ತಪ್. ಅಂದರೆ ಎಲ್ಲ ಸರಿಯಿದೆ, ಹೊರಡು. ತಟ್ಟಿದ ಮೇಲೂ ಇಳಿದು ನೋಡುವುದು ಹೆಂಡತಿಯ ಮೇಲೆ ಅಪನಂಬಿಕೆ. ಮದುವೆಯಾದ ಹೊಸದರಲ್ಲಿ ಲಾಯ್ಡ್ ಒಮ್ಮೆ ಇಳಿದು ನೋಡಿದ್ದ. ಆ ರಜೆಯೆಲ್ಲ ತಣ್ಣಗಿನ ಸಾಸೇಜ್ ತಿಂದಿದ್ದ.

ಏಳು ಗಂಟೆಗೇ ಹೊರಟುಬಿಡಬೇಕಿತ್ತು. ಎರಡೂವರೆ ತಾಸಿನ ದಾರಿ, ಹತ್ತಕ್ಕೆ ಮುಂಚೆ ಸಮುದ್ರದಲ್ಲಿ ಕಾಲು ಅದ್ದಿಕೊಂಡು ಇರುತ್ತಿದ್ದ. ಆದರೆ ಬೇಲಿಯಾಚೆಯಿಂದ ಕ್ಲೆಮ್ ಬಂದ.

ಕ್ಲೆಮ್ ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ಕೆಲಸ ಬಿಟ್ಟರೂ ಫಿಟ್ ಮಾಡುವ ಚಟ ಬಿಟ್ಟಿರಲಿಲ್ಲ. ಸೊಂಟದಲ್ಲಿ ಸದಾ ಒಂದು ಅಳತೆ ಟೇಪು.

"ಏನ್ ಮಾರಾಯ, ಗಾಡಿ ಬಸುರಿಯಾ?"

"ಸ್ವಲ್ಪ ಕುಸಿದಿದೆ ಕ್ಲೆಮ್. ಹೋಗ್ತಾ ಸರಿಹೋಗುತ್ತೆ."

"ಹೋಗ್ತಾ ಸರಿಹೋಗಲ್ಲ, ಹೋಗ್ತಾ ಹೋಗಿಬಿಡ್ತೀಯ! ಭಾರ ಎಲ್ಲ ಹಿಂದಕ್ಕೆ ಬಿದ್ದು ಮುಂದಿನ ಗಾಲಿ ತೇಲ್ತಿದೆ. ಘಾಟಿ ಇಳಿಯೋವಾಗ ಸ್ಟೇರಿಂಗ್ ತಿರುಗಿಸ್ತೀಯ, ಗಾಡಿ 'ಯಾರ ಹತ್ರ ಮಾತಾಡ್ತಿದೀಯ' ಅನ್ನುತ್ತೆ. ಕೊಂಡಿ ಬಿಚ್ಚು. ಅಳೆಯೋಣ."

ಈ ಊರಿನಲ್ಲಿ ಒಬ್ಬ ಗಾಡಿಯ ಕೆಳಗೆ ಬಗ್ಗಿದರೆ ಸಾಕು, ಸತ್ತವರ ಮನೆಗೂ ಅಷ್ಟು ಬೇಗ ಜನ ಸೇರುವುದಿಲ್ಲ. ಉಪದೇಶಕ್ಕೆ ತೆರಿಗೆ ಹಾಕಿದರೆ ಸರ್ಕಾರ ಬೇರೆ ತೆರಿಗೆಗಳನ್ನೆಲ್ಲ ಬಿಟ್ಟುಬಿಡಬಹುದು. ಆದರೆ ಲಾಯ್ಡ್‌ಗೆ ಇಲ್ಲ ಅನ್ನಲು ಬರುವುದಿಲ್ಲ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಎಲ್ಲರೂ ಹೇಳಿದ ಕಡೆ ನಿಲ್ಲಿಸಿ ಅಭ್ಯಾಸ. ಕೊಂಡಿ ಬಿಚ್ಚಿದ.

ಕ್ಲೆಮ್ ಹಿಂದಿನ ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದ. ಕ್ಯಾರವಾನ್ ಇಲ್ಲದಾಗ ಐವತ್ತೆರಡು ಸೆಂಟಿಮೀಟರ್. ಸಿಕ್ಕಿಸಿದಾಗ ನಲವತ್ತೈದು. "ಏಳು!" ಅಂತ ಗಂಡುಮಗು ಹುಟ್ಟಿದ ಹಾಗೆ ಕೂಗಿದ. "ಏಳು ಸೆಂಟಿಮೀಟರ್! ಶಾಕ್‌ಅಬ್ಸಾರ್ಬರ್ ಹೋಗಿದೆ."

"ಶಾಕ್ ಅಲ್ಲ, ಸ್ಪ್ರಿಂಗು," ಅಂತು ಇನ್ನೊಂದು ಬೇಲಿ. ಅದು ಡಲ್ಸಿ. ಎಪ್ಪತ್ತು ದಾಟಿದ ವಿಧವೆ. ತೀರಿಕೊಂಡ ಗಂಡ ಆಥಲ್ ದನದ ಲಾರಿ ಓಡಿಸುತ್ತಿದ್ದ, ಆದ್ದರಿಂದ ಲೋಕದ ಎಲ್ಲ ಗಾಲಿಗಳೂ ಆಕೆಗೆ ಸೊಸೆಯರಿದ್ದ ಹಾಗೆ. ಕಂಕುಳಲ್ಲಿ ಒಂದು ಕೋಳಿ ಇಟ್ಟುಕೊಂಡೇ ಬಂದಳು. "ಲಾಯ್ಡ್, ಕೆಳಗೆ ತೂರಿ ಸ್ಪ್ರಿಂಗ್ ಮೇಲಿನ ಬಣ್ಣ ನೋಡಪ್ಪ. ಯಾವ ಸ್ಪ್ರಿಂಗು ಅಂತ ಬಣ್ಣದ ಗೆರೆಯಲ್ಲೇ ಗೊತ್ತಾಗುತ್ತೆ ಅಂತಿದ್ರು ನಮ್ಮ ಆಥಲ್."

ಲಾಯ್ಡ್ ಒಗೆದ ಅಂಗಿಯಲ್ಲಿ ಕೆಮ್ಮಣ್ಣಿನ ಮೇಲೆ ಅಂಗಾತ ಮಲಗಿ ತೂರಿದ. "ಒಂದು ಹಸಿರು ಗೆರೆ ಇದೆ. ಅದರ ಕೆಳಗೆ ಒಂದು ಬಿಳಿ."

"ಹಸಿರು-ಬಿಳಿ ಅಂದ್ರೆ ಹಗುರದ್ದು," ಅಂದ ಕ್ಲೆಮ್.

"ಬಿಳಿ ಅಂದ್ರೆ ಭಾರದ್ದು. ಆಥಲ್ ಹೇಳ್ತಿದ್ರು."

"ಆಥಲ್ ಓಡಿಸ್ತಿದ್ದದ್ದು ಲಾರಿ ಡಲ್ಸಿ!"

"ನಿನ್ನ ರೈಲಿಗೆ ಸ್ಪ್ರಿಂಗ್ ಎಲ್ಲಿತ್ತೋ? ನನ್ನ ಸೊಂಟ ಇವತ್ತಿಗೂ ನೆನೆಸ್ಕೊಳ್ಳುತ್ತೆ."

ಇಬ್ಬರೂ ಕಿತ್ತಾಡಿ ಕೊನೆಗೆ ಒಂದು ವಿಷಯಕ್ಕೆ ಒಪ್ಪಿದರು. ಕ್ಯಾರವಾನಿನ ಮೂತಿ ಕೊಂಡಿಯ ಮೇಲೆ ಎಷ್ಟು ತೂಕ ಹಾಕುತ್ತದೆ ಅಂತ ತಿಳಿಯದೆ ಸ್ಪ್ರಿಂಗ್ ಆರಿಸುವ ಹಾಗಿಲ್ಲ. ತಕ್ಕಡಿ? ಲಾಯ್ಡ್ ನೊಲೀನಳ ಬಚ್ಚಲುಮನೆಯ ತೂಕದ ಯಂತ್ರ ತಂದು ಕ್ಯಾರವಾನಿನ ಮುಂದಿನ ಪುಟ್ಟ ಗಾಲಿಯ ಕೆಳಗಿಟ್ಟ. ಮುಳ್ಳು ಒಂದು ಸುತ್ತು ಹೊಡೆದು, ಸೊನ್ನೆ ದಾಟಿ, 'ಕಟ್' ಅಂತ ಪ್ರಾಣ ಬಿಟ್ಟಿತು.

"ಪರವಾಗಿಲ್ಲ," ಅಂದ ಕ್ಲೆಮ್. "ಮನುಷ್ಯರನ್ನೇ ನಿಲ್ಲಿಸಿದ್ರಾಯ್ತು. ಗಾಡಿ ಏಳು ಸೆಂಟಿಮೀಟರ್ ಕುಸಿಯೋವರೆಗೂ ಕೊಂಡಿ ಮೇಲೆ ಹತ್ತೋದು. ಆಮೇಲೆ ಹತ್ತಿದವರ ತೂಕ ಕೂಡಿಸೋದು."

ಕ್ಲೆಮ್ ಹತ್ತಿ ನಿಂತ. ಮೂರು ಸೆಂಟಿಮೀಟರ್. ಡಲ್ಸಿಯನ್ನು ಇಬ್ಬರೂ ಸೇರಿ ಹತ್ತಿಸಿದರು, ಕೋಳಿ ಸಮೇತ. ಆರೂವರೆ. ಅದೇ ಹೊತ್ತಿಗೆ ಮೋಟಾರ್ ಬೈಕಿನಲ್ಲಿ ಟಪಾಲಿನವನು ಬಂದ. ಗಾಡಿಯ ಹಿಂದೆ ಇಬ್ಬರು ಮುದುಕರು ತಬ್ಬಿಕೊಂಡು ನಿಂತಿದ್ದನ್ನು ಕಂಡು ಏನೂ ಕೇಳಲಿಲ್ಲ. "ಒಂದು ಕಾಲು ಇಡಪ್ಪ," ಅಂದರು. ಇಟ್ಟ. ಏಳು!

"ನಾನು ತೊಂಬತ್ತೊಂದು," ಅಂದ ಕ್ಲೆಮ್. "ಟಪಾಲಿನ ಕಾಲು ಹದಿನೈದು ಅಂತಿಟ್ಕೊ. ಡಲ್ಸಿ?"

"ಐವತ್ತೆಂಟು," ಅಂದಳು ಡಲ್ಸಿ, ಕಣ್ಣು ಮಿಟುಕಿಸದೆ.

ಕೋಳಿ ಕೂಡ ತಿರುಗಿ ನೋಡಿತು.

ಅಷ್ಟರಲ್ಲಿ ಹತ್ತೂವರೆ. ಫೋನಿನಲ್ಲಿ ನೊಲೀನ್: "ಎಲ್ಲಿದೀಯ?"

"ಸ್ವಲ್ಪ ಸ್ಪ್ರಿಂಗ್ ನೋಡಿಸ್ಕೊಂಡು ಬರ್ತೀನಿ ನೊಲೀನ್."

"ಡಾಕ್ಟರ್ ಬಂದು ಮರ ಅಳೀತಿದಾನೆ. ಆರು ಗಂಟೆ, ಲಾಯ್ಡ್. ಆರು."

ಊರಾಚೆ, ಕಡಲೆಕಾಯಿ ಗೋದಾಮಿನ ಪಕ್ಕ ಷೆರಿಲ್‌ಳ ಸ್ಪ್ರಿಂಗ್ ವರ್ಕ್‌ಶಾಪು. ಷೆರಿಲ್ ಐವತ್ತರ ಗಟ್ಟಿ ಹೆಂಗಸು, ಕೈ ಎಣ್ಣೆ, ಮಾತು ಉಪ್ಪಿನಕಾಯಿ. ಲಾಯ್ಡ್ ಕ್ಯಾರವಾನನ್ನು ಅಂಗಳದಲ್ಲೇ ಬಿಟ್ಟು ಬರೀ ಗಾಡಿ ತಂದಿದ್ದ. ಕ್ಲೆಮ್ ಮತ್ತು ಡಲ್ಸಿ ಕ್ಲೆಮ್‌ನ ಹದಿನೆಂಟು ವರ್ಷದ ಪಿಕಪ್‌ನಲ್ಲಿ ಹಿಂದೆಯೇ ಬಂದಿದ್ದರು. ಕರೆದವರು ಯಾರೂ ಇಲ್ಲ.

"ನನ್ನ ಗಾಡಿ ನೋಡಿ ಕಲೀರಿ," ಅನ್ನುತ್ತಿದ್ದ ಕ್ಲೆಮ್, ಅದರ ಬಾಗಿಲು ಬಡಿದು. "ಕಂಪನಿ ಸ್ಪ್ರಿಂಗು. ಇವತ್ತಿಗೂ ಕೂದಲಷ್ಟು ಕುಸಿದಿಲ್ಲ."

"ನೀನು ಅದರಲ್ಲಿ ಹೊರೋದು ಮೀನಿನ ಗಾಳ," ಅಂದಳು ಷೆರಿಲ್. ಗಾಡಿ ಮೇಲೆತ್ತಿ ಟಾರ್ಚು ಬಿಟ್ಟಳು. "ಹಸಿರು ಗೆರೆ ಕಂಪನಿಯದ್ದು. ಬಿಳಿ ಗೆರೆ ಕೋಳಿಯದ್ದು."

ಎಲ್ಲರೂ ಡಲ್ಸಿಯನ್ನು ನೋಡಿದರು. "ರಾತ್ರಿ ಅಲ್ಲಿ ಬೆಚ್ಚಗಿರುತ್ತೆ, ಮಲಗ್ತಾವೆ ಪಾಪ," ಅಂದಳು ಡಲ್ಸಿ.

"ಬಣ್ಣ ನಂಬಬೇಡಿ. ನಂಬರ್ ನೋಡಿ." ಷೆರಿಲ್ ತಂತಿಯ ಬ್ರಷ್ಷಿನಿಂದ ಸ್ಪ್ರಿಂಗಿನ ಬಾಲ ಉಜ್ಜಿ, ಕೆತ್ತಿದ್ದ ನಂಬರ್ ಬರೆದುಕೊಂಡಳು. "ಇದು ಪೇಟೆಗೆ ಹೋಗಿ ಬರೋ ಗಾಡಿಯ ಸ್ಪ್ರಿಂಗು. ಇದರ ಮೇಲೆ ಮನೆ ಹೇರಿದೀಯ. ಕೊಂಡಿ ಮೇಲೆ ಎಷ್ಟು ಬೀಳುತ್ತೆ?"

"ನೂರ ಅರವತ್ತನಾಲ್ಕು," ಅಂದ ಕ್ಲೆಮ್, ಹೇಗೆ ಕೂಡಿಸಿದ್ದೆಂದು ವಿವರಿಸಿದ. ಷೆರಿಲ್ ಡಲ್ಸಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಕಾಗದದಲ್ಲಿ ಮೂವತ್ತು ಸೇರಿಸಿದಳು.

"ನಾನೂರು ಕೆಜಿದು ಹಾಕಿಬಿಡು," ಅಂದ ಕ್ಲೆಮ್. "ಇರಲಿ ಗಟ್ಟಿ."

"ಲಾಯ್ಡ್, ವರ್ಷದಲ್ಲಿ ಎಷ್ಟು ದಿನ ಕ್ಯಾರವಾನ್ ಎಳೀತೀಯ?"

"ಹೋಗೋದೊಂದಿನ. ಬರೋದೊಂದಿನ."

"ಮಿಕ್ಕ ದಿನ?"

"ನೊಲೀನ್ ಲೈಬ್ರರಿಗೆ ತಗೊಂಡೋಗ್ತಾಳೆ."

"ನಾನೂರರದ್ದು ಹಾಕಿದ್ರೆ ಲೈಬ್ರರಿ ಮುಟ್ಟೋಷ್ಟರಲ್ಲಿ ಅವಳ ಹಲ್ಲೆಲ್ಲ ಮಡಿಲಲ್ಲಿರುತ್ತೆ. ಅದು ಸದಾ ಭಾರ ಹೊರೋ ಗಾಡಿಗೆ. ನಿನಗೆ ಇನ್ನೂರರದ್ದು ಸಾಕು. ಕ್ಯಾರವಾನ್ ಇಲ್ದಾಗ ಹಿಂದೆ ಎರಡು ಬೆರಳು ಎತ್ತರ ಕಾಣುತ್ತೆ, ಗಾಬರಿ ಬೀಳ್ಬೇಡ. ಕ್ಯಾರವಾನ್ ಕೂತ್ಮೇಲೆ ನೆಟ್ಟಗಾಗುತ್ತೆ."

"ಹಾಗಾದ್ರೆ ಶಾಕ್ ಹೋಗಿಲ್ವಾ?" ಅಂದ ಕ್ಲೆಮ್, ಸೋತ ಮುಖದಲ್ಲಿ.

"ಹೋಗಿದೆ. ಎಣ್ಣೆ ಸೋರ್ತಿದೆ ನೋಡು. ಆದ್ರೆ ಕುಸಿದಿದ್ದು ಅದರಿಂದಲ್ಲ. ಭಾರ ಹೊರೋದು ಸ್ಪ್ರಿಂಗು, ಕುಣಿತ ನಿಲ್ಸೋದು ಶಾಕ್. ಹೊಸ ಸ್ಪ್ರಿಂಗಿಗೆ ಹಳೇ ಶಾಕ್ ಬಿಟ್ರೆ ಕೊಬ್ಬಿದ ಹೋರಿಗೆ ದಾರದ ಮೂಗುದಾರ ಹಾಕಿದ ಹಾಗೆ. ಎರಡೂ ಬದಲಿಸ್ಬೇಕು. ಒಂದೂವರೆಗೆ ಕೊಡ್ತೀನಿ."

ಒಂದೂವರೆಗೆ ಒಂದು ಬೋಲ್ಟು ತುಕ್ಕು ಹಿಡಿದು ಬರಲಿಲ್ಲ. ಎರಡಕ್ಕೆ ಬಂತು, ಆದರೆ ತುಂಡಾಗಿ. ಎರಡೂವರೆಗೆ ಷೆರಿಲ್ ಸ್ಪ್ಯಾನರ್ ಕೆಳಗಿಟ್ಟು ಚಹಾಕ್ಕೆ ಕೂತಳು. ಚಹಾದ ಹೊತ್ತಿನಲ್ಲಿ ಬೆಂಕಿ ಬಿದ್ದರೂ ಈ ಕಡೆ ಯಾರೂ ಏಳುವುದಿಲ್ಲ. ಲಾಯ್ಡ್ ಗೋಡೆ ಗಡಿಯಾರದ ಕೆಳಗೆ ನಿಂತು, ಡಲ್ಸಿ ಕೊಟ್ಟ ಲ್ಯಾಮಿಂಗ್ಟನ್ ಕೇಕನ್ನು ಔಷಧಿಯ ಹಾಗೆ ನುಂಗಿದ. ನೊಲೀನ್ ಮೂರು ಸಲ ಫೋನ್ ಮಾಡಿದಳು. ಮೂರನೆಯ ಸಲ ಉಸಿರು ಮಾತ್ರ ಕೇಳಿಸಿದಳು.

"ಮನೆಗೆ ಹೋಗಿ ಸಿಕ್ಕಿಸಿಕೊಂಡು ಹೊರಟರೆ ಹೊತ್ತಾಗುತ್ತೆ," ಅಂದ ಲಾಯ್ಡ್, ಅಳುವ ದನಿಯಲ್ಲಿ.

"ನಾನಿಲ್ವೇನೋ?" ಅಂತ ಎದ್ದ ಕ್ಲೆಮ್. "ಕ್ಯಾರವಾನನ್ನ ನನ್ನ ಪಿಕಪ್‌ಗೆ ಸಿಕ್ಕಿಸಿ ಇಲ್ಲಿಗೇ ಎಳ್ಕೊಂಡು ಬರ್ತೀನಿ. ನೀನು ಸೀಟಲ್ಲಿ ಕೂತಿರು. ಹಿಂದೆ ಸಿಕ್ಕಿಸಿ ಎರಡು ತಟ್ತೀನಿ. ನೀನು ಹೊರಡು, ಅಷ್ಟೇ. ಬನ್ನಿ ಡಲ್ಸಿ."

ಆ ದಿನ ಮೊದಲ ಸಲ ಲಾಯ್ಡ್‌ಗೆ ನೆರೆಯವರ ಮೇಲೆ ಪ್ರೀತಿ ಬಂತು.

ಮೂರೂಕಾಲಿಗೆ ಗಾಡಿ ಕೆಳಗಿಳಿಯಿತು. ಲಾಯ್ಡ್ ಹಾರಿ ಸೀಟಿನಲ್ಲಿ ಕೂತು, ಬೆಲ್ಟು ಹಾಕಿ, ಇಂಜಿನ್ ಶುರು ಮಾಡಿ ಕಾದ. ಕ್ಯಾರವಾನ್ ಎಳೆಯುವಾಗ ಹಾಕುವ ಉದ್ದ ಕಿವಿಯ ಕನ್ನಡಿಗಳನ್ನು, ಒಡೆಯದಿರಲಿ ಅಂತ, ಷೆರಿಲ್ ಬಿಚ್ಚಿ ಪಕ್ಕದ ಸೀಟಿನಲ್ಲಿಟ್ಟಿದ್ದಳು. ಇರಲಿ, ಈಗ ಹಾಕಲು ಹೊತ್ತಿಲ್ಲ. ಹಿಂದಿನ ಗಾಜಿನ ತುಂಬ ದಿಂಬು, ಬೀಚಿನ ಕೊಡೆ, ಐಸ್ ಪೆಟ್ಟಿಗೆ.

ಮೂರು ಇಪ್ಪತ್ತೈದಕ್ಕೆ ಹಿಂದೆ ಗಾಡಿಯ ಸದ್ದಾಯಿತು. ಡಲ್ಸಿಯ ದನಿ: "ಎಡಕ್ಕೆ! ಎಡಕ್ಕೆ ಕಣೋ ಕ್ಲೆಮ್, ನಿನ್ನ ಎಡಕ್ಕೆ!" ಆಮೇಲೆ ಲಾಯ್ಡ್‌ನ ಸೀಟು ಹಿಂದಕ್ಕೆ ಸ್ವಲ್ಪ ವಾಲಿತು. ಭಾರ ಬಿತ್ತು. ಮರುಕ್ಷಣ ಗಾಡಿ ಅಷ್ಟೇ ನಯವಾಗಿ ಮೇಲೆದ್ದು, ಅಲುಗಾಡದೆ ನಿಂತಿತು. ಆಹಾ! ಇದಪ್ಪ ಸ್ಪ್ರಿಂಗು!

ತಪ್, ತಪ್.

ಲಾಯ್ಡ್ ಹೊರಟ. ಹಿಂದಿನಿಂದ ಕ್ಲೆಮ್ "ಲೋ! ಲೋ ಲಾಯ್ಡ್!" ಅಂತ ಕೂಗಿದ್ದು ಕೇಳಿಸಿತು. ಎಷ್ಟು ಒಳ್ಳೆಯವನು, ಬೀಳ್ಕೊಡುತ್ತಿದ್ದಾನೆ. ಲಾಯ್ಡ್ ಕೈ ಹೊರಗೆ ಹಾಕಿ ಬೀಸಿದ, ಎರಡು ಸಲ ಹಾರ್ನ್ ಹೊಡೆದ.

ಅಂಥ ಪ್ರಯಾಣವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಮುಂಚೆ ಪ್ರತಿ ಹಳ್ಳಕ್ಕೂ ಗಾಡಿ ದೋಣಿಯ ಹಾಗೆ ಮೂರು ಸಲ ತೂಗುತ್ತಿತ್ತು, ಈಗ ಒಂದೇ ಸಲ 'ಹೂಂ' ಅಂದು ಸುಮ್ಮನಾಗುತ್ತಿತ್ತು. ಸ್ಟೇರಿಂಗ್ ಹೇಳಿದ ಮಾತು ಕೇಳುತ್ತಿತ್ತು. ಪ್ರತಿ ವರ್ಷ ಏದುಸಿರು ಬಿಡುತ್ತಿದ್ದ ಏರಿನಲ್ಲಿ ಗಾಡಿ ಹಾಡುತ್ತಾ ಹತ್ತಿತು. ಲಾಯ್ಡ್ ಒಂದು ಹಾಲಿನ ಟ್ಯಾಂಕರನ್ನೇ ಹಿಂದಿಕ್ಕಿದ! ಟ್ಯಾಂಕರಿನ ಚಾಲಕನಿಗೆ ಗೌರವದಿಂದ ತಲೆ ಬಾಗಿದ. ಆತ ಬಾಯಿ ಬಿಟ್ಟುಕೊಂಡು ನೋಡಿದ. ನೋಡಬೇಕಾದ್ದೇ!

ಹಾಗಂತ ಎಚ್ಚರಿಕೆ ಬಿಡಲಿಲ್ಲ. ತಿರುವುಗಳಲ್ಲಿ ಕ್ಯಾರವಾನಿಗೆ ಜಾಗ ಬಿಟ್ಟು ಇಡೀ ರಸ್ತೆ ಬಳಸಿ ತಿರುಗಿದ. ವೃತ್ತಗಳಲ್ಲಿ ಎರಡೂ ಸಾಲು ಹಿಡಿದ. ಯಾರೋ ಹಾರ್ನ್ ಹೊಡೆದು ಕೈಸನ್ನೆಯಲ್ಲಿ ಅಸಭ್ಯ ಪ್ರಶ್ನೆ ಕೇಳಿದರು. "ಹಿಂದೆ ಮನೆ ಇದೆ ಕಣಯ್ಯ, ಕಣ್ಣು ಕಾಣ್ಸಲ್ವಾ?" ಅಂತ ಲಾಯ್ಡ್ ಕಿಟಕಿಯಲ್ಲಿ ಕಿರುಚಿದ. ಮಾಮೂಲಿ ಕನ್ನಡಿಯಲ್ಲಿ ಬರೀ ರಸ್ತೆ ಕಾಣುತ್ತಿತ್ತು. ಅದಕ್ಕೇ ಅಲ್ಲವೇ ಕ್ಯಾರವಾನಿಗೆ ದೊಡ್ಡ ಕನ್ನಡಿ ಬೇಕು ಅನ್ನುವುದು?

ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಕ್ಲೆಮ್. ಮತ್ತೆ ಕ್ಲೆಮ್. ಇನ್ನೂ ಉಪದೇಶ ಬಾಕಿ ಉಳಿದಿದೆ! ಬೆಳಗಿನಿಂದ ಈ ಮನುಷ್ಯನ ಮಾತು ಕೇಳಿಯೇ ಎಂಟು ತಾಸು ಮಣ್ಣುಪಾಲಾಗಿದ್ದು. ಲಾಯ್ಡ್‌ನ ಎದೆಯಲ್ಲಿ ಮೂವತ್ತು ವರ್ಷದ ಶಾಲಾ ಬಸ್ಸು ಒಮ್ಮೆಲೇ ದಂಗೆ ಎದ್ದಿತು. "ಸಾಕು ಕಣೋ ನಿನ್ನ ಬುದ್ಧಿವಾದ!" ಅಂತ ಫೋನಿನ ಮೇಲೆ ದಿಂಬು ಒಗೆದ. ಬಾಳಿನಲ್ಲಿ ಮೊದಲ ಸಲ ಒಬ್ಬರಿಗೆ ಇಲ್ಲ ಅಂದಿದ್ದ. ಎಷ್ಟು ಸುಖವಾಯಿತೆಂದರೆ ಉಳಿದ ದಾರಿಯೆಲ್ಲ ಶಿಳ್ಳೆ ಹೊಡೆದ.

ಐದು ನಲವತ್ತೆಂಟಕ್ಕೆ ವಾಂಗೂರ ಪಾರ್ಕಿನ ಗೇಟು. ಮ್ಯಾನೇಜರ್ ರಾಸ್ ಪಟ್ಟಿ ಹಿಡಿದು ನಿಂತಿದ್ದ. ಆಚೆ ಹದಿನಾಲ್ಕರಲ್ಲಿ ನೊಲೀನ್ ಕುರ್ಚಿಯಿಂದ ಎದ್ದಳು. ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ಡಾಕ್ಟರ್ ಫೆನ್ವಿಕ್, ಇಂಜಿನ್ ಚಾಲೂ ಇಟ್ಟ ಕಾರಿಗೆ ಸಿಕ್ಕಿಸಿದ ತನ್ನ ಕ್ಯಾರವಾನಿನ ಪಕ್ಕ, ಗಡಿಯಾರ ನೋಡುತ್ತಾ ನಿಂತಿದ್ದ.

"ಹನ್ನೆರಡು ನಿಮಿಷ ಮುಂಚೆ ರಾಸ್!" ಲಾಯ್ಡ್ ಕಿಟಕಿಯಿಂದ ಅರ್ಧ ಹೊರಬಂದ. "ಹೊಸ ಸ್ಪ್ರಿಂಗು, ಹೊಸ ಶಾಕ್! ಏನ್ ಓಡುತ್ತೆ ಅಂತೀಯ! ಹಿಂದೆ ಕ್ಯಾರವಾನ್ ಇದೆ ಅಂತಾನೇ ಗೊತ್ತಾಗಲ್ಲ!"

ರಾಸ್ ಗಾಡಿಯ ಹಿಂದೆ ನೋಡಿದ. ಲಾಯ್ಡ್‌ನ ಮುಖ ನೋಡಿದ. ಮತ್ತೆ ಹಿಂದೆ ನೋಡಿದ.

"ನನಗೂ ಗೊತ್ತಾಗ್ತಿಲ್ಲ," ಅಂದ.

ಲಾಯ್ಡ್ ಇಳಿದು ಹಿಂದಕ್ಕೆ ಹೋದ. ಕೊಂಡಿ ಖಾಲಿ. ಗಾಡಿಯ ಹಿಂಭಾಗ, ಷೆರಿಲ್ ಹೇಳಿದ ಹಾಗೆ, ಸರಿಯಾಗಿ ಎರಡು ಬೆರಳು ಎತ್ತರವಿತ್ತು. ಗಾಬರಿ ಬೀಳಬೇಡ ಅಂತಲೂ ಹೇಳಿದ್ದಳು.

"ತಟ್ಟಿದ್ದು ಯಾರು?" ಅಂತ ಕೇಳಿದಳು ನೊಲೀನ್, ಕುರ್ಚಿ ಕೈಯಲ್ಲಿ ಹಿಡಿದು ಬಂದು. ಅದನ್ನು ಮಡಿಚಿದ್ದಳು. ಮಡಿಚಿದ ಕುರ್ಚಿ ಬಿಚ್ಚಿದ ಕುರ್ಚಿಗಿಂತ ಭಯ ಹುಟ್ಟಿಸುತ್ತಿತ್ತು.

ದಿಂಬಿನ ಕೆಳಗಿನ ಫೋನಿನಲ್ಲಿ ಕ್ಲೆಮ್‌ನ ಹತ್ತೊಂಬತ್ತು ಕರೆ, ಷೆರಿಲ್‌ಳ ಒಂದು ಸಂದೇಶ: "ಶಾಕ್ ಸರಿ ಕೂತಿದೆಯಾ ಅಂತ ಹಿಂದೆ ಒತ್ತಿ, ಎರಡು ತಟ್ಟಿ ನೋಡ್ತಿದ್ದೆ. ನೀನು ಹೊರಟೇಬಿಟ್ಯಲ್ಲ ಮಹರಾಯ? ಕ್ಲೆಮ್ ಆಗಷ್ಟೇ ಗೇಟಿನೊಳಗೆ ಕ್ಯಾರವಾನ್ ತರ್ತಿದ್ದ."

ಕ್ಲೆಮ್‌ಗೆ ಫೋನ್ ಹಚ್ಚಿದರೆ ಡಲ್ಸಿ ಎತ್ತಿದಳು. "ನಿನ್ನ ಹಿಂದೇನೇ ಎಳ್ಕೊಂಡು ಬರ್ತಿದೀವಪ್ಪ! ಇನ್ನು ಅರ್ಧ ಗಂಟೆ! ಏರಿನಲ್ಲಿ ಪಿಕಪ್ ಉಸಿರು ಬಿಡ್ತು, ಹಾಲಿನ ಟ್ಯಾಂಕರ್ ಕೂಡ ನಮ್ಮನ್ನ ದಾಟಿಹೋಯ್ತು!"

ಆರು ಹೊಡೆಯಿತು. ರಾಸ್ ಪಟ್ಟಿಯಲ್ಲಿ ಗೆರೆ ಎಳೆದ. ಅವನಿಗೂ ಬೇಜಾರೇ, ಆದರೆ ನಿಯಮ ನಿಯಮ. ಡಾಕ್ಟರ್ ಫೆನ್ವಿಕ್ ಹದಿನಾಲ್ಕರ ಹುಲ್ಲಿನ ಮೇಲೆ ಕ್ಯಾರವಾನನ್ನು ಹಿಮ್ಮುಖವಾಗಿ ಬಿಡುತ್ತಾ, ಮೃದುವಾದ ದನಿಯಲ್ಲಿ, "ಒಂದೇ ನಿಮಿಷ, ನೋವಾಗಲ್ಲ," ಅಂದ.

ಆರು ಇಪ್ಪತ್ತಕ್ಕೆ ಕ್ಲೆಮ್‌ನ ಪಿಕಪ್ ಬಂತು. ನಾಯಿ ಕೂತ ಹಾಗೆ ಕೂತು ಬಂತು. ಮೂತಿ ಆಕಾಶಕ್ಕೆ, ಕುಂಡೆ ನೆಲಕ್ಕೆ, ಕೊಂಡಿ ರಸ್ತೆಗೆ ಉಜ್ಜಿ ಕಿಡಿ ಹಾರಿಸುತ್ತಾ.

"ಬೆಳಗಿಂದ ನಾನು ಹೇಳಿದ ಬೇಡದ್ದನ್ನೆಲ್ಲ ಕೇಳ್ದೆ!" ಕ್ಲೆಮ್ ಇಳಿಯುವ ಮೊದಲೇ ಕೂಗಾಡಿದ. "ಕೇಳಬೇಕಾದ್ದು ಒಂದೇ ಮಾತಿತ್ತು! ಅದಕ್ಕೆ ಫೋನ್ ಎತ್ತಲಿಲ್ಲ!"

ಉಳಿದಿದ್ದ ಜಾಗ ಎಪ್ಪತ್ತೊಂದು ಮಾತ್ರ. ಒಂದು ಕಡೆ ಶೌಚಾಲಯ, ಇನ್ನೊಂದು ಕಡೆ ಕಸದ ಡಬ್ಬಿಗಳ ಸಾಲು. ಕ್ಯಾರವಾನನ್ನು ಅಲ್ಲಿಗೆ ನೂಕಿ, ಕೊಂಡಿ ಬಿಚ್ಚಿದ ಮೇಲೆ ಕ್ಲೆಮ್ ಪಿಕಪ್‌ನ ಹಿಂದೆ ಬಗ್ಗಿ ನೋಡಿ ಮೆಲ್ಲಗೆ ಅಂದ, "ಸ್ವಲ್ಪ ಕುಸಿದ ಹಾಗಿತ್ತು, ಅಲ್ವಾ?"

ಅಷ್ಟು ಸಾಕಾಯಿತು. ಸುತ್ತಲಿನ ಕ್ಯಾರವಾನುಗಳ ಬಾಗಿಲು ಒಂದೊಂದಾಗಿ ತೆರೆದವು. ಬಿಯರ್ ಹಿಡಿದು ಒಬ್ಬ ಬಂದ, ಟಾರ್ಚು ಹಿಡಿದು ಒಬ್ಬ ಬಂದ. "ಶಾಕ್ ಹೋಗಿದೆ," ಅಂದ ಒಬ್ಬ. "ಸ್ಪ್ರಿಂಗು, ಸ್ಪ್ರಿಂಗು. ಬಣ್ಣ ಯಾವುದು ನೋಡಿ," ಅಂದ ಇನ್ನೊಬ್ಬ. ಹದಿನಾಲ್ಕರಿಂದ ಡಾಕ್ಟರ್ ಫೆನ್ವಿಕ್ ಕೂಡ ತನ್ನ ಟೇಪು ಹಿಡಿದು ಬಂದ.

"ಮೊದಲು ಕೊಂಡಿ ಮೇಲಿನ ಭಾರ ಗೊತ್ತಾಗ್ಬೇಕು," ಅಂತ ವಿವರಿಸುತ್ತಿದ್ದ ಕ್ಲೆಮ್. "ಅದಕ್ಕೆ ಮನುಷ್ಯರನ್ನ ನಿಲ್ಲಿಸ್ಬೇಕು. ಲಾಯ್ಡ್, ಹತ್ತು ಮಾರಾಯ."

ಲಾಯ್ಡ್ ನೊಲೀನಳ ಕಡೆ ನೋಡಿದ. ನೊಲೀನ್ ಪಿಕಪ್‌ನ ಹಿಂಬದಿಗೆ ಎರಡು ಸಲ ತಟ್ಟಿದಳು. ತಪ್, ತಪ್.

ಅವನು ಹತ್ತಿ ನಿಂತ. ಕೊಂಡಿಯ ಮೇಲೆ ತುದಿಗಾಲಲ್ಲಿ ನಿಂತರೆ, ಕಸದ ಡಬ್ಬಿಗಳ ಮೇಲಿಂದ, ಡಾಕ್ಟರನ ಕ್ಯಾರವಾನಿನ ಪಕ್ಕದಲ್ಲಿ, ಸಮುದ್ರ ಏಳು ಸೆಂಟಿಮೀಟರಿನಷ್ಟು ಕಾಣುತ್ತಿತ್ತು.